ಕ್ವಾಯರ್ ಪ್ರಾಕ್ಟೀಸ್ ಆದ ಮೇಲೆ ಗಂಟಲು ಬಿಗಿಯುತ್ತದೆ, ಆಲ್ಟೋ ಲೈನೂ ಜಾರುತ್ತದೆ. ಎಂತ ಮಾಡುವುದು?

ಮಂಗಳೂರು ಆಲ್ಟೋ:

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನಲ್ಲಿ ಡಿಗ್ರಿ ಎರಡನೇ ವರ್ಷ ಓದುತ್ತಿದ್ದೇನೆ. ಈ ವರ್ಷ ಕಾಲೇಜಿನ ಕ್ವಾಯರ್‌ಗೆ (ಗುಂಪಾಗಿ ಹಾಡುವ ತಂಡ) ಸೇರಿದೆ, ಆಲ್ಟೋದಲ್ಲಿ, ಅಂದರೆ ಹೆಂಗಸರ ಕೆಳಗಿನ ಸ್ವರದ ಸಾಲಿನಲ್ಲಿ, ಹಾಕಿದ್ದಾರೆ. ಡಿಸೆಂಬರ್‌ನಲ್ಲಿ ಕ್ಯಾರೋಲ್ ಕಾರ್ಯಕ್ರಮ ಉಂಟು, ಈಗಿಂದಲೇ ಪ್ರಾಕ್ಟೀಸ್ ಜೋರಾಗಿದೆ.

ಹೈಸ್ಕೂಲ್ ಮುಗಿಯುವವರೆಗೆ ಕರ್ನಾಟಕ ಸಂಗೀತ ಕಲಿತಿದ್ದೇನೆ, ಜೂನಿಯರ್ ಪರೀಕ್ಷೆಯೂ ಆಗಿದೆ. ಶ್ರುತಿ ಬಿಳಿ ಐದು, ಅಂದರೆ ಕೀಬೋರ್ಡ್‌ನ ಐದನೇ ಬಿಳಿ ಕೀ. ಸ್ಟಾಫ್ ನೊಟೇಷನ್ (ಐದು ಗೆರೆಗಳ ಮೇಲೆ ಬರೆಯುವ ಪಾಶ್ಚಾತ್ಯ ಸ್ವರಲಿಪಿ) ಓದಲಿಕ್ಕೆ ಬರುವುದಿಲ್ಲ, ಪಕ್ಕದವರು ಹಾಡಿದ್ದನ್ನು ಕೇಳಿ ಹಿಡಿದುಕೊಳ್ಳುತ್ತೇನೆ.

ಈಗ ತೊಂದರೆ ಹೇಳ್ತೇನೆ. ಒಂದು ಗಂಟೆ ಹಾಡಿದ ಮೇಲೆ ಗಂಟಲು ಬಿಗಿದ ಹಾಗೆ ಆಗುತ್ತದೆ, ರಾತ್ರಿ ಮಾತಾಡುವಾಗ ಸ್ವರ ಒಡೆಯುತ್ತದೆ, ಬೆಳಿಗ್ಗೆ ಸರಿಯಾಗಿರುತ್ತದೆ. ಕಚೇರಿ ಹಾಡಿಗೆ ಇಷ್ಟು ಹೊತ್ತು ಕೂತರೂ ಹೀಗೆ ಆಗುತ್ತಿರಲಿಲ್ಲ. ಎಲ್ಲರೂ "ಹೊಟ್ಟೆಯಿಂದ ಹಾಡು" ಅನ್ನುತ್ತಾರೆ, ಹೊಟ್ಟೆಯಿಂದ ಹೇಗೆ ಹಾಡುವುದು ಅಂತ ಯಾರೂ ಹೇಳುವುದಿಲ್ಲ. ಹೊಟ್ಟೆ ಗಟ್ಟಿ ಹಿಡಿದರೆ ಇನ್ನೂ ಜಾಸ್ತಿ ಬಿಗಿಯುತ್ತದೆ.

ಇನ್ನೊಂದು, ಸೋಪ್ರಾನೋದವರು (ಹೆಂಗಸರ ಮೇಲಿನ ಸ್ವರ ಹಾಡುವವರು) ಹತ್ತಿರ ನಿಂತರೆ ಸಾಕು, ನನಗೆ ಗೊತ್ತಿಲ್ಲದೆ ಅವರ ಟ್ಯೂನಿಗೆ ಹೋಗಿಬಿಡುತ್ತೇನೆ. ಮತ್ತೆ ಗಮಕ (ಸ್ವರವನ್ನು ಅಲುಗಿಸಿ ಹಾಡುವುದು) ಬರುತ್ತದೆ ಅಂತ ನಿಲ್ಲಿಸಿ ನಿಲ್ಲಿಸಿ ತಿದ್ದುತ್ತಾರೆ. ಕರ್ನಾಟಕ ಸಂಗೀತ ಕಲಿತದ್ದೇ ಇಲ್ಲಿ ಅಡ್ಡಿ ಆಗುತ್ತಿದೆಯಾ? ಸೀರಿಯಸ್ ಆಗಿ ಕೇಳುತ್ತಿದ್ದೇನೆ, ಬಿಡಬೇಕಾ ಅಂತ ಯೋಚನೆ ಬಂದಿದೆ. ಗೊತ್ತಿರುವವರು ದಯವಿಟ್ಟು ಹೇಳಿ.

ಬಲ್ಮಠದ ಬಾಸ್:

ಬಿಡಬೇಡಿ ತಂಗಿ. ನಾನು ಇಲ್ಲೇ ಚರ್ಚ್ ಕ್ವಾಯರ್ ನಡೆಸುತ್ತೇನೆ. ನಿಮ್ಮ ಹಾಗೆ ಶ್ರುತಿ ಪೆಟ್ಟಿಗೆ ಮುಂದೆ ಕೂತು ಕಲಿತು ಬಂದವರು ಸಿಕ್ಕಿದರೆ ನಮಗೆ ಖುಷಿ. ಕಿವಿ ತಯಾರಾಗಿರುತ್ತದೆ, ಅದನ್ನು ಕಲಿಸಲಿಕ್ಕೆ ವರ್ಷಗಟ್ಟಲೆ ಬೇಕು.

ಮೊದಲು ಗಂಟಲಿನದ್ದು. ನಿಮ್ಮ ಶ್ರುತಿ ಬಿಳಿ ಐದು ಅಂದರೆ ಷಡ್ಜ (ಸ) ಪಾಶ್ಚಾತ್ಯ ಹೆಸರಲ್ಲಿ ಜಿ. ಆಲ್ಟೋ ಪಾರ್ಟು ಸಾಮಾನ್ಯವಾಗಿ ಆ ಜಿಯಿಂದ ಮೇಲಿನ ಡಿ ಒಳಗೆ ಮುಗಿಯುತ್ತದೆ. ಲೆಕ್ಕ ಹಾಕಿ ನೋಡಿ, ಅದು ನಿಮ್ಮ ಮಧ್ಯ ಷಡ್ಜದಿಂದ ತಾರ ಪಂಚಮ (ಮೇಲಿನ ಸ್ಥಾಯಿಯ ಪ). ನೀವು ಎಷ್ಟೋ ವರ್ಷ ಓಡಾಡಿದ ಜಾಗವೇ ಅಲ್ವಾ? ಹಾಗಾದರೆ ಸ್ವರ ಎತ್ತರ ಆಯಿತು ಅಂತ ಗಂಟಲು ಬಿಗಿಯುತ್ತಿಲ್ಲ. ಜೋರು ಜಾಸ್ತಿ ಆಗಿದೆ.

ಇದು ಕ್ವಾಯರ್‌ನಲ್ಲಿ ಎಲ್ಲರಿಗೂ ಆಗುವುದು. ಸುತ್ತ ಗದ್ದಲ ಇದ್ದರೆ ಮನುಷ್ಯ ತನಗೆ ಗೊತ್ತಿಲ್ಲದೆ ದನಿ ಏರಿಸುತ್ತಾನೆ. ಲೊಂಬಾರ್ ಅಂತ ಫ್ರಾನ್ಸಿನ ಗಂಟಲು ಡಾಕ್ಟರು ಇದನ್ನು 1911ರಲ್ಲೇ ಬರೆದಿಟ್ಟಿದ್ದಾರೆ, ಅವರ ಹೆಸರಲ್ಲೇ ಇದನ್ನು ಲೊಂಬಾರ್ಡ್ ಎಫೆಕ್ಟ್ ಅನ್ನುತ್ತಾರೆ. ಕಚೇರಿ ಹಾಡುವಾಗ ನಿಮ್ಮ ಸ್ವರ ನಿಮಗೆ ಸ್ಪಷ್ಟ ಕೇಳುತ್ತಿತ್ತು. ಇಲ್ಲಿ ಮೂವತ್ತು ಜನರ ನಡುವೆ ನಿಮ್ಮದೇ ಸ್ವರ ಕೇಳುವುದಿಲ್ಲ, ಕೇಳಬೇಕು ಅಂತ ದೂಡುತ್ತೀರಿ, ಪಕ್ಕದವಳೂ ದೂಡುತ್ತಾಳೆ, ಹೀಗೆ ಇಡೀ ಸಾಲು ಏರುತ್ತಾ ಹೋಗುತ್ತದೆ. ನಾಳೆ ಪ್ರಾಕ್ಟೀಸ್‌ನಲ್ಲಿ ಒಂದು ಕೈಯನ್ನು ಕಿವಿಯ ಹಿಂದೆ ಬೊಗಸೆಯ ಹಾಗೆ ಹಿಡಿದು ನೋಡಿ, ನಿಮ್ಮ ಸ್ವರ ನಿಮಗೆ ವಾಪಸ್ ಬರುತ್ತದೆ. ಪಕ್ಕದವರಿಂದ ಒಂದು ಮೊಳ ದೂರ ನಿಲ್ಲಿ. ಮತ್ತೆ, ಪಕ್ಕದವಳ ಸ್ವರ ನಿಮಗೆ ಕೇಳದಷ್ಟು ಜೋರಾಗಿ ಯಾವತ್ತೂ ಹಾಡಬೇಡಿ. ನಮ್ಮಲ್ಲಿ ಹೊಸಬರಿಗೆ ಮೊದಲು ಹೇಳುವುದೇ ಇದು.

"ಹೊಟ್ಟೆಯಿಂದ ಹಾಡು" ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳ್ತೇನೆ. ಉಸಿರು ಇರುವುದು ಶ್ವಾಸಕೋಶದಲ್ಲಿ. ಅದರ ಕೆಳಗೆ ವಪೆ ಅಂತ ಒಂದು ಸ್ನಾಯು ಉಂಟು, ಉಸಿರು ಎಳೆದಾಗ ಅದು ಕೆಳಗೆ ಇಳಿಯುತ್ತದೆ, ಹೊಟ್ಟೆ ಹೊರಗೆ ಬರುತ್ತದೆ, ಪಕ್ಕೆ ಅಗಲವಾಗುತ್ತದೆ. ಹಾಡುವಾಗ ಮಾಡಬೇಕಾದದ್ದು ಇಷ್ಟೇ: ಆ ಪಕ್ಕೆ ಕೂಡಲೇ ಕುಸಿಯದ ಹಾಗೆ ನೋಡಿಕೊಂಡು ಗಾಳಿಯನ್ನು ನಿಧಾನ ಬಿಡುವುದು. ಹೊಟ್ಟೆ ಕಲ್ಲಿನ ಹಾಗೆ ಬಿಗಿ ಹಿಡಿದರೆ ವಪೆಗೆ ಇಳಿಯಲಿಕ್ಕೆ ಜಾಗವೇ ಇಲ್ಲ, ಆಗ ಗಾಳಿ ತಡೆಯುವ ಕೆಲಸ ಗಂಟಲಿಗೆ ಬೀಳುತ್ತದೆ. ನಿಮಗೆ ಆಗುತ್ತಿರುವುದು ಅದೇ. ಮನೆಯಲ್ಲಿ ನೆಲದ ಮೇಲೆ ಅಂಗಾತ ಮಲಗಿ ಹೊಟ್ಟೆ ಮೇಲೆ ಒಂದು ದಪ್ಪ ಪುಸ್ತಕ ಇಡಿ. ಉಸಿರು ಎಳೆದಾಗ ಪುಸ್ತಕ ಏರಬೇಕು, ಭುಜ ಅಲ್ಲಾಡಬಾರದು. ಆಮೇಲೆ "ಸ್‌ಸ್‌ಸ್" ಅಂತ ಒಂದೇ ಸಮ ಬಿಡಿ. ಎಷ್ಟು ಹೊತ್ತು ಬಂತು ಅನ್ನುವುದಕ್ಕಿಂತ ಶಬ್ದ ನಡುಗದೆ ಬಂತಾ ಅಂತ ಗಮನಿಸಿ.

ಉದ್ದ ಸಾಲು ಬಂದಾಗ ಕೊನೆ ತನಕ ಒಂದೇ ಉಸಿರಲ್ಲಿ ಎಳೆಯುವ ಹಟ ಬೇಡ. ಕ್ವಾಯರ್‌ನ ದೊಡ್ಡ ಅನುಕೂಲ ಅದೇ ಅಲ್ವಾ, ಒಬ್ಬೊಬ್ಬರು ಒಂದೊಂದು ಕಡೆ ಉಸಿರು ತೆಗೆದುಕೊಳ್ಳಬಹುದು, ಕೇಳುವವರಿಗೆ ಸಾಲು ಕಡಿಯುವುದೇ ಇಲ್ಲ. ಪಕ್ಕದವಳ ಹತ್ತಿರ ಮಾತಾಡಿಕೊಳ್ಳಿ. ಸ್ವರ ಸಣ್ಣ ಮಾಡಿ ಬಿಡಿ, ಉಸಿರು ತೆಗೆದುಕೊಳ್ಳಿ, ಸಣ್ಣದಾಗಿಯೇ ವಾಪಸ್ ಸೇರಿ. ಶಬ್ದದ ಮೊದಲ ಅಕ್ಷರಕ್ಕೆ ಧಡಕ್ಕನೆ ಬರಬೇಡಿ.

ಉಡುಪಿ ತಂಬೂರಿ:

ಬಾಸ್ ಸರ್ ಗಂಟಲಿನ ವಿಷಯ ಚೆನ್ನಾಗಿ ಹೇಳಿದ್ದಾರೆ. ನಾನು ಉಡುಪಿಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ, ನನ್ನ ಕೆಲವು ವಿದ್ಯಾರ್ಥಿಗಳು ಶಾಲೆಯ ಕ್ವಾಯರ್‌ಗಳಲ್ಲೂ ಇದ್ದಾರೆ. ಹಾಗಾಗಿ ಸ್ವರದ ವಿಷಯ ನಾನು ಬರೆಯುತ್ತೇನೆ. ನಿನಗೆ ಥಿಯರಿ ಬರುವುದಿಲ್ಲ ಅಂತ ಯಾರು ಹೇಳಿದರು ಮಗಾ? ಮುಕ್ಕಾಲು ಪಾಲು ಗೊತ್ತುಂಟು, ಹೆಸರು ಬೇರೆ ಅಷ್ಟೇ.

ಅವರ ಮೇಜರ್ ಸ್ಕೇಲ್ ಅಂದರೆ ನಮ್ಮ 29ನೇ ಮೇಳ (ಮೂಲ ರಾಗ), ಧೀರಶಂಕರಾಭರಣ. ಡೋ ರೇ ಮಿ ಅಂದರೆ ಸ ರಿ ಗ. ಇಂಗ್ಲೆಂಡಿನಲ್ಲಿ 19ನೇ ಶತಮಾನದಲ್ಲಿ ಸಾರಾ ಗ್ಲೋವರ್ ಅನ್ನುವ ಟೀಚರ್ ಒಂದು ಪದ್ಧತಿ ಮಾಡಿದರು, ಜಾನ್ ಕರ್ವೆನ್ ಅದನ್ನು ಬೆಳೆಸಿ ಟಾನಿಕ್ ಸೋಲ್ಫಾ ಅಂತ ಎಲ್ಲ ಕಡೆ ಹರಡಿದರು. ಅದರಲ್ಲಿ ಡೋ ಯಾವ ಶ್ರುತಿಯಲ್ಲಿ ಬೇಕಾದರೂ ಕೂರಬಹುದು, ನಮ್ಮ ಷಡ್ಜದ ಹಾಗೆಯೇ. ಆದ್ದರಿಂದ ನೀನು ಆಲ್ಟೋ ಲೈನನ್ನು ಧೈರ್ಯವಾಗಿ ಸರಿಗಮದಲ್ಲಿ ಬರೆದುಕೊಂಡು ಕಲಿ. ಯಾರಾದರೂ ನಕ್ಕರೆ ನಗಲಿ.

ಷಡ್ಜ ಎಲ್ಲಿ ಅಂತ ಹುಡುಕುವುದಕ್ಕೆ ಒಂದು ಸುಲಭ ದಾರಿ ಉಂಟು. ಸ್ಟಾಫ್‌ನ ಆರಂಭದಲ್ಲಿ ಶಾರ್ಪ್ (ಸ್ವರವನ್ನು ಅರ್ಧ ಏರಿಸುವ) ಗುರುತುಗಳಿದ್ದರೆ ಎಲ್ಲಕ್ಕಿಂತ ಬಲಗಡೆ ಇರುವ ಶಾರ್ಪ್ ನಿಷಾದ, ಅದರ ಮೇಲಿನ ಸ್ವರ ಷಡ್ಜ. ಫ್ಲಾಟ್ (ಅರ್ಧ ಇಳಿಸುವ ಗುರುತು) ಇದ್ದರೆ ಬಲಗಡೆಯ ಕೊನೆಯ ಫ್ಲಾಟ್ ಮಧ್ಯಮ, ಅಲ್ಲಿಂದ ಮ ಗ ರಿ ಸ ಅಂತ ಇಳಿದರೆ ಷಡ್ಜ ಸಿಗುತ್ತದೆ. ಒಂದೇ ಫ್ಲಾಟ್ ಇದ್ದರೆ ಅದು ಬಿ ಫ್ಲಾಟ್, ಷಡ್ಜ ಎಫ್, ಅಂದರೆ ನಮ್ಮ ಲೆಕ್ಕದಲ್ಲಿ ಬಿಳಿ ನಾಲ್ಕು. ಏನೂ ಗುರುತು ಇಲ್ಲದಿದ್ದರೆ ಬಿಳಿ ಒಂದು. ಇದು ಮೇಜರ್‌ಗೆ ಆಯಿತು. ಹಾಡು ಮೈನರ್ ಆಗಿದ್ದರೆ ಅದೇ ಶಂಕರಾಭರಣದ ಧೈವತ ಷಡ್ಜ ಆಗುತ್ತದೆ, ಗ್ರಹಭೇದದಲ್ಲಿ (ಷಡ್ಜದ ಜಾಗ ಬದಲಿಸಿದಾಗ) ನಟಭೈರವಿ ಬರುತ್ತದಲ್ಲ, ಅದೇ. ಸಾಲಿನ ಕೊನೆಯಲ್ಲಿ ಹೆಚ್ಚಾಗಿ ನಿಷಾದವನ್ನು ಏರಿಸುತ್ತಾರೆ, ಆಗ ಅದು ಕೀರವಾಣಿ. ಹೀಗೆ ನೋಡಿದರೆ ಹೆದರಿಕೆ ಎಂತ ಉಂಟು?

ಇನ್ನು ಗಮಕ. ಅದು ತಪ್ಪಲ್ಲ, ಅದರ ಜಾಗ ಇದಲ್ಲ. ನಮ್ಮಲ್ಲಿ ಒಂದು ರಾಗದ ಗಾಂಧಾರ ಅಲುಗಾಡಿದಾಗಲೇ ರಾಗಕ್ಕೆ ಜೀವ, ಯಾಕೆಂದರೆ ಕೆಳಗೆ ತಂಬೂರಿಯ ಸ ಪ ಮಾತ್ರ ನಿಂತಿರುತ್ತದೆ. ಕ್ವಾಯರ್‌ನಲ್ಲಿ ಒಂದೇ ಹೊತ್ತಿಗೆ ನಾಲ್ಕು ಸ್ವರ ಕೂಡಿ ನಿಲ್ಲಬೇಕು. ಸ ಗ ಪ ಒಂದು ಕೂಟ, ಮ ಧ ಸ ಇನ್ನೊಂದು, ಪ ನಿ ರಿ ಮತ್ತೊಂದು. ಸುಮಾರು ಹಾಡುಗಳು ಈ ಮೂರರಲ್ಲೇ ಬಹುಪಾಲು ನಡೆಯುತ್ತವೆ. ಆಲ್ಟೋಗೆ ಈ ಕೂಟದ ನಡುವಿನ ಸ್ವರ, ಅಂದರೆ ಗಾಂಧಾರವೋ ನಿಷಾದವೋ ಧೈವತವೋ, ತುಂಬಾ ಸಲ ಬರುತ್ತದೆ. ಮೇಜರಾ ಮೈನರಾ ಅಂತ ತೀರ್ಮಾನ ಮಾಡುವುದೇ ಆ ನಡುವಿನ ಸ್ವರ. ಅದು ಅಲುಗಾಡಿದರೆ ಇಡೀ ಕೂಟ ಮಸುಕಾಗುತ್ತದೆ. ನಿನ್ನನ್ನೇ ನಿಲ್ಲಿಸಿ ನಿಲ್ಲಿಸಿ ತಿದ್ದುತ್ತಾರೆ ಅಂದರೆ ನಿನ್ನ ಸ್ವರದ ಮೇಲೆ ಅಷ್ಟು ನಿಂತಿದೆ ಅಂತ ಅರ್ಥ.

ಒಂದು ಅಭ್ಯಾಸ ಮಾಡು. ತಂಬೂರಿ ಆ್ಯಪ್ ಹಾಕಿಕೊಂಡು ಅಂತರ ಗಾಂಧಾರವನ್ನು (ಶಂಕರಾಭರಣದ ಗ) ನೇರವಾಗಿ, ಸಣ್ಣ ದನಿಯಲ್ಲಿ, ಹಿಡಿ. ತಂಬೂರಿಗೆ ಕರಗಿ ಹೋಗುವ ಒಂದು ಜಾಗ ಸಿಗುತ್ತದೆ. ಅಲ್ಲಿ ಸ ಮತ್ತು ಗ 4ಕ್ಕೆ 5ರ ಲೆಕ್ಕದಲ್ಲಿ ಇರುತ್ತವೆ, ಸ ಪ 2ಕ್ಕೆ 3. ಈಗ ಅದೇ ಗಾಂಧಾರವನ್ನು ಕೀಬೋರ್ಡ್‌ನಲ್ಲಿ ಒತ್ತಿ ಕೇಳು. ಕೀಬೋರ್ಡಿನದ್ದು ಒಂದು ಚೂರು ಮೇಲಿರುತ್ತದೆ, ಅರ್ಧ ಸ್ವರವನ್ನು ನೂರು ಪಾಲು ಮಾಡಿದರೆ ಸುಮಾರು 14 ಪಾಲಿನಷ್ಟು. ಕೀಬೋರ್ಡ್ ಎಲ್ಲ ಶ್ರುತಿಗೂ ಸಮನಾಗಿ ಹಂಚಿಕೊಂಡಿರುತ್ತದೆ, ಅದಕ್ಕೆ ಹಾಗೆ. ಪಿಯಾನೋ ಜೊತೆ ಹಾಡುವಾಗ ಪಿಯಾನೋ ಕೇಳು, ವಾದ್ಯ ಇಲ್ಲದೆ ಹಾಡುವಾಗ ಬಾಸ್‌ನವರನ್ನು (ಎಲ್ಲಕ್ಕಿಂತ ಕೆಳಗಿನ ಸ್ವರದ ಗಂಡಸರು) ಕೇಳಿ ಅವರ ಮೇಲೆ ಕೂರು. ಈ ವ್ಯತ್ಯಾಸ ಕಿವಿಗೆ ಗೊತ್ತಾಗುವುದು ತಂಬೂರಿಯಲ್ಲಿ ಕಲಿತವರಿಗೆ, ಹಾಗಾಗಿ ಅಡ್ಡಿ ಅನ್ನುವ ಮಾತೇ ಬೇಡ.

ಚಂಡೆ ಪ್ರೇಮಿ, ಬ್ರಹ್ಮಾವರ:

ನನಗೆ ಕ್ವಾಯರ್ ಗೊತ್ತಿಲ್ಲ, ಯಕ್ಷಗಾನ ಗೊತ್ತುಂಟು. ಹಿಂದೆ ಮೈಕ್ ಇಲ್ಲದ ಕಾಲದಲ್ಲಿ ಭಾಗವತರು ಚಂಡೆ ಮದ್ದಳೆ ಎದುರು ಇಡೀ ರಾತ್ರಿ ಹಾಡುತ್ತಿದ್ದರು. ಗಂಟಲು ಒಡೆದೇ ಗಟ್ಟಿಯಾಗಬೇಕು ಅಂತ ಹಿರಿಯರು ಹೇಳುವುದು ಕೇಳಿದ್ದೇನೆ. ಈಗಿನ ಮಕ್ಕಳು ಸ್ವಲ್ಪ ನೋವಾದ ಕೂಡಲೇ ನಿಲ್ಲಿಸುತ್ತಾರೆ. ಜೋರಾಗಿ ಸಾಧನೆ ಮಾಡಿ, ಎರಡು ತಿಂಗಳಲ್ಲಿ ತಾನಾಗಿ ಗಟ್ಟಿಯಾಗುತ್ತದೆ.

ವಾಕ್ ಚಿಕಿತ್ಸಕಿ:

ಚಂಡೆ ಪ್ರೇಮಿ ಅಣ್ಣ, ನಿಮ್ಮ ಪ್ರೀತಿ ಅರ್ಥ ಆಗುತ್ತದೆ, ಆದರೆ ಈ ಸಲಹೆಯನ್ನು ದಯವಿಟ್ಟು ಯಾರಿಗೂ ಕೊಡಬೇಡಿ. ನಾನು ಮಂಗಳೂರಿನಲ್ಲಿ ಸ್ವರದ ತೊಂದರೆ ಇರುವವರಿಗೆ ಥೆರಪಿ ಕೊಡುತ್ತೇನೆ. ಶಾಲಾ ಟೀಚರುಗಳು, ಭಜನೆ ಹಾಡುವವರು, ಭಾಗವತಿಕೆ ಕಲಿಯುವ ಹುಡುಗರು ಎಲ್ಲರೂ ಬರುತ್ತಾರೆ. ಗಂಟಲು ಒಡೆದು ಗಟ್ಟಿಯಾಗುವುದಿಲ್ಲ. ರಾತ್ರಿಯಿಡೀ ಹಾಡಿಯೂ ಉಳಿದ ಭಾಗವತರ ಹೆಸರು ನಮಗೆ ನೆನಪಿರುತ್ತದೆ, ಸ್ವರ ಹೋಗಿ ರಂಗ ಬಿಟ್ಟವರ ಹೆಸರು ಯಾರಿಗೂ ನೆನಪಿರುವುದಿಲ್ಲ.

ಒಳಗೆ ಏನಾಗುತ್ತದೆ ಅಂತ ಹೇಳ್ತೇನೆ. ಧ್ವನಿತಂತುಗಳು ತುಂಬಾ ಚಿಕ್ಕವು, ದೊಡ್ಡ ಹೆಂಗಸರಲ್ಲೂ ಎರಡು ಸೆಂಟಿಮೀಟರ್ ಇರುವುದಿಲ್ಲ. ಬಿಳಿ ಐದು ಶ್ರುತಿಯಲ್ಲಿ ನೀವು ತಾರ ರಿಷಭ ಹಾಡಿದರೆ ಅದು 440ರ ಎ, ಅಂದರೆ ಸೆಕೆಂಡಿಗೆ 440 ಸಲ ಅವು ಒಂದಕ್ಕೊಂದು ತಾಗುತ್ತವೆ. ಮೆಲ್ಲಗೆ ತಾಗಿದರೆ ಗಂಟೆಗಟ್ಟಲೆ ತಡೆಯುತ್ತವೆ. ಜೋರಾಗಿ ದೂಡಿ ಹಾಡಿದರೆ ಊದಿಕೊಳ್ಳುತ್ತವೆ, ಆಗ ಸ್ವರ ಒಡೆಯುತ್ತದೆ. ರಾತ್ರಿ ವಿಶ್ರಾಂತಿ ಸಿಕ್ಕಿದ ಮೇಲೆ ಊತ ಇಳಿಯುತ್ತದೆ, ಬೆಳಿಗ್ಗೆ ಸರಿ ಅನ್ನಿಸುತ್ತದೆ. ನೀವು ಬರೆದದ್ದು ಇದಕ್ಕೆ ಹೊಂದುತ್ತದೆ. ಇದೇ ತಿಂಗಳುಗಟ್ಟಲೆ ನಡೆದರೆ ತಂತುಗಳು ಜಾಸ್ತಿ ತಾಗುವ ಜಾಗದಲ್ಲಿ ಎರಡೂ ಕಡೆ ಗಂಟು ಬರುತ್ತದೆ. ಅದಕ್ಕೂ ಮೊದಲ ಚಿಕಿತ್ಸೆ ಸಾಮಾನ್ಯವಾಗಿ ಥೆರಪಿಯೇ, ಆಪರೇಷನ್ ಅಲ್ಲ, ಹೆದರಬೇಡಿ. ಆದರೆ ಅಲ್ಲಿವರೆಗೆ ಹೋಗುವುದು ಯಾಕೆ?

ಪ್ರಾಕ್ಟೀಸ್‌ಗೆ ಮೊದಲು ಐದು ಹತ್ತು ನಿಮಿಷ ಸ್ಟ್ರಾ ಅಭ್ಯಾಸ ಮಾಡಿ. ಲೋಟದಲ್ಲಿ ನೀರು ಹಾಕಿ, ಸ್ಟ್ರಾ ತುದಿ ಎರಡು ಬೆರಳಿನಷ್ಟು ಮುಳುಗಿರಲಿ, ಸ್ಟ್ರಾ ಒಳಗೆ "ಊ" ಅಂತ ಸ್ವರ ಬಿಡಿ, ಗುಳ್ಳೆ ಏಳಬೇಕು. ಕೆಳಗಿನಿಂದ ಮೇಲೆ, ಮೇಲಿಂದ ಕೆಳಗೆ ಜಾರಿಸಿ, ಆಮೇಲೆ ಹಾಡಿನ ಟ್ಯೂನನ್ನೇ ಹಾಗೆ ಹಾಡಿ. ಬಾಯಿಯ ತುದಿ ಸಣ್ಣದಾದಾಗ ಒಳಗಿನ ಗಾಳಿ ಒತ್ತಡ ತಂತುಗಳಿಗೆ ಆಸರೆ ಕೊಡುತ್ತದೆ, ಅವು ಕಡಿಮೆ ಪೆಟ್ಟಿನಲ್ಲಿ ನಡುಗಲು ಕಲಿಯುತ್ತವೆ. ಇಂಗೋ ಟಿಟ್ಜೆ ಅನ್ನುವ ಸ್ವರ ವಿಜ್ಞಾನಿ ಇದನ್ನು ಜನಪ್ರಿಯ ಮಾಡಿದರು. ಸ್ಟ್ರಾ ಇಲ್ಲದಿದ್ದರೆ ತುಟಿ ಬರ್ರ್ ಅನ್ನಿಸಿದರೂ ಆಯಿತು. ಹಾಡಿ ಮುಗಿದ ಮೇಲೂ ಎರಡು ನಿಮಿಷ ಇದನ್ನೇ ಮಾಡಿ, ಯಾರೂ ಮಾಡುವುದಿಲ್ಲ, ಆದರೆ ರಾತ್ರಿ ವ್ಯತ್ಯಾಸ ಗೊತ್ತಾಗುತ್ತದೆ.

ಕಷಾಯ, ಕಲ್ಲುಸಕ್ಕರೆ, ಶುಂಠಿ ಎಲ್ಲ ತೆಗೆದುಕೊಳ್ಳಿ, ಗಂಟಲಿಗೆ ಹಿತ. ಆದರೆ ಕುಡಿದದ್ದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತು ಇರುವುದು ಶ್ವಾಸನಾಳದ ಬಾಯಿಯಲ್ಲಿ. ಅಲ್ಲಿಗೆ ಒಂದು ಹನಿ ಹೋದರೂ ಕೆಮ್ಮು ಬರುತ್ತದೆ. ಆದ್ದರಿಂದ ಹಾಡುವ ಹೊತ್ತಿಗೆ ಗುಟುಕರಿಸಿದರೆ ಸಾಲದು, ಬೆಳಿಗ್ಗೆಯಿಂದಲೇ ನೀರು ಕುಡಿಯುತ್ತಾ ಇರಬೇಕು, ಮೈಯೊಳಗಿಂದಲೇ ಅವಕ್ಕೆ ತೇವ ಸಿಗುವುದು. ನೇರ ತಲುಪುವುದು ಹಬೆ ಮಾತ್ರ. ನಮ್ಮ ಊರಿನ ಗಾಳಿಯಲ್ಲಿ ತೇವ ಇದ್ದೇ ಇದೆ, ಪ್ರಾಕ್ಟೀಸ್ ರೂಮಿನ ಎಸಿ ಅದನ್ನು ತೆಗೆಯುತ್ತದೆ, ಆಗುವುದಾದರೆ ಎಸಿ ಆಫ್ ಮಾಡಿ ಕಿಟಕಿ ತೆರೆಯಿರಿ. ಪ್ರಾಕ್ಟೀಸ್ ಮುಗಿಸಿ ರಾತ್ರಿ ತಡವಾಗಿ ಖಾರದ ಊಟ ಮಾಡಿ ಕೂಡಲೇ ಮಲಗಿದರೆ ಹೊಟ್ಟೆಯ ಆಮ್ಲ ಮೇಲೆ ಬಂದು ತಂತುಗಳನ್ನು ಕೆರಳಿಸುತ್ತದೆ. ಎರಡು ಮೂರು ಗಂಟೆ ಅಂತರ ಇರಲಿ.

ಗಂಟಲು ಕೆರೆದುಕೊಳ್ಳುವ ಅಭ್ಯಾಸ ಇದ್ದರೆ ಬಿಡಿ, ಬದಲಿಗೆ ಒಂದು ಗುಟುಕು ನೀರು ನುಂಗಿ. ಸ್ವರ ಹೋದಾಗ ಪಿಸುಪಿಸು ಮಾತಾಡುವುದು ವಿಶ್ರಾಂತಿ ಅಲ್ಲ, ಒತ್ತಿ ಪಿಸುಗುಟ್ಟಿದರೆ ಇನ್ನೂ ಬಿಗಿ. ಸುಮ್ನೆ ಇರಿ. ನೋವು ಕಾಣಬಾರದು ಅಂತ ಮಾತ್ರೆ ನುಂಗಿ ಹಾಡಬೇಡಿ. ನೋವು ಗೊತ್ತಾಗದಿದ್ದರೆ ನೀವು ನಿಲ್ಲಿಸುವುದಿಲ್ಲ, ಅದರಲ್ಲೂ ಆಸ್ಪಿರಿನ್ ರಕ್ತ ತೆಳು ಮಾಡುತ್ತದೆ, ತಂತುವಿನ ಸಣ್ಣ ರಕ್ತನಾಳ ಒಡೆದರೆ ದೊಡ್ಡ ತೊಂದರೆ. ಶೀತ ಜ್ವರ ಇಲ್ಲದೆ ಸ್ವರ ಒಡೆದದ್ದು ಎರಡು ಮೂರು ವಾರ ಕಳೆದರೂ ಸರಿ ಆಗದಿದ್ದರೆ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ, ಕ್ಯಾಮರಾ ಹಾಕಿ ನೋಡುತ್ತಾರೆ, ಕೆಲವೇ ನಿಮಿಷದ ಕೆಲಸ. ಹಾಡುತ್ತಿರುವಾಗಲೇ ಥಟ್ಟನೆ ಸ್ವರ ಹೋದರೆ ಮಾತ್ರ ಕಾಯಬೇಡಿ, ಅದೇ ದಿನ ಹೋಗಿ.

ಚಂಡೆ ಪ್ರೇಮಿ, ಬ್ರಹ್ಮಾವರ:

ಸರಿ ಮೇಡಂ, ಒಪ್ಪಿದೆ. ನನ್ನ ಅಳಿಯ ಭಾಗವತಿಕೆ ಕಲಿಯುತ್ತಿದ್ದಾನೆ, ಅವನಿಗೂ ಸ್ಟ್ರಾ ಅಭ್ಯಾಸ ಆಗಬಹುದಾ?

ವಾಕ್ ಚಿಕಿತ್ಸಕಿ:

ಖಂಡಿತ ಅಣ್ಣ. ಎತ್ತರದ ಶ್ರುತಿಯಲ್ಲಿ ಹಾಡುವವರಿಗೆ ಇನ್ನೂ ಬೇಕು. ಚಂಡೆ ಇರುವಾಗ ಅವನಿಗೆ ತನ್ನ ಸ್ವರ ಕೇಳುವ ಹಾಗೆ ಮೈಕಿನ ಮಾನಿಟರ್ ಹತ್ತಿರ ಇಟ್ಟುಕೊಳ್ಳಲಿ.

ಮಂಗಳೂರು ಆಲ್ಟೋ:

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ತಂಬೂರಿ ಮೇಡಂ, ನೀವು ಹೇಳಿದ ಹಾಗೆ ಕೊನೆಯ ಫ್ಲಾಟ್ ನೋಡಿ ಷಡ್ಜ ಹುಡುಕಿದೆ, ನಮ್ಮ ಒಂದು ಹಾಡಿನಲ್ಲಿ ಎರಡು ಫ್ಲಾಟ್ ಉಂಟು, ಕಪ್ಪು ಐದು ಬಂತು, ಸರಿಯಾ? ಮತ್ತೆ ಬಾಸ್ ಅಣ್ಣ, ಸೋಪ್ರಾನೋ ಟ್ಯೂನಿಗೆ ಜಾರುವುದಕ್ಕೆ ಎಂತ ಮಾಡಲಿ? ಪುಸ್ತಕದಲ್ಲಿ ಒಂದೇ ಸ್ಟಾಫ್ ಮೇಲೆ ಎರಡೆರಡು ಸ್ವರ ಇರುತ್ತದೆ, ನನ್ನದು ಯಾವುದು ಅಂತಲೇ ಗೊತ್ತಾಗುವುದಿಲ್ಲ.

ಉಡುಪಿ ತಂಬೂರಿ:

ಎರಡು ಫ್ಲಾಟ್ ಅಂದರೆ ಕೊನೆಯದ್ದು ಇ ಫ್ಲಾಟ್, ಅದು ಮಧ್ಯಮ, ಷಡ್ಜ ಬಿ ಫ್ಲಾಟ್. ಕಪ್ಪು ಐದೇ. ಸರಿಯಾಗಿದೆ ಮಗಾ.

ಬಲ್ಮಠದ ಬಾಸ್:

ಮೇಲಿನ ಸ್ಟಾಫ್‌ನಲ್ಲಿ ಸ್ವರಕ್ಕೆ ಒಂದು ಕಡ್ಡಿ ಇರುತ್ತದಲ್ಲ, ಕಡ್ಡಿ ಮೇಲೆ ಹೋದದ್ದು ಸೋಪ್ರಾನೋ, ಕೆಳಗೆ ಇಳಿದದ್ದು ಆಲ್ಟೋ. ಕೆಳಗಿನ ಸ್ಟಾಫ್‌ನಲ್ಲಿ ಹಾಗೆಯೇ ಟೆನರ್ (ಗಂಡಸರ ಮೇಲಿನ ಸ್ವರ) ಮತ್ತು ಬಾಸ್. ಪೆನ್ಸಿಲ್‌ನಲ್ಲಿ ನಿಮ್ಮದಕ್ಕೆ ಗುರುತು ಹಾಕಿಕೊಳ್ಳಿ, ಕೆಳಗೆ ಸರಿಗಮ ಬರೆದುಕೊಳ್ಳಿ.

ಜಾರುವುದಕ್ಕೆ ಕಾರಣ ಉಂಟು. ಕಿವಿ ಹೆಚ್ಚಾಗಿ ಎಲ್ಲಕ್ಕಿಂತ ಮೇಲಿನ ಸ್ವರವನ್ನು ಟ್ಯೂನ್ ಅಂತ ಹಿಡಿಯುತ್ತದೆ, ಹಾಡು ಗೊತ್ತಿರುವುದೂ ಆ ಟ್ಯೂನಿನಲ್ಲೇ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಜರ್ಮನ್ ರಾಗಗಳಿಗೆ ಕನ್ನಡ ಕೀರ್ತನೆಗಳು ಬಂದವು, ನಮ್ಮ ಹಳೆ ಸಭೆಗಳಲ್ಲಿ ಅಜ್ಜಿಯಂದಿರು ಪುಸ್ತಕ ನೋಡದೆ ಆಲ್ಟೋ ಹಾಡುತ್ತಾರೆ. ಅವರಿಗೆ ಆಲ್ಟೋವೇ ಟ್ಯೂನ್, ಹಾಗೇ ಕಲಿತದ್ದು. ನೀವೂ ಹಾಗೇ ಮಾಡಿ. ಮೊದಲು ಸೋಪ್ರಾನೋ ಕೇಳದೆ ನಿಮ್ಮ ಲೈನನ್ನು ಒಂದು ಸ್ವತಂತ್ರ ಹಾಡು ಅನ್ನುವ ಹಾಗೆ ಸರಿಗಮದಲ್ಲಿ ಬಾಯಿಪಾಠ ಮಾಡಿ, ಬಸ್ಸಲ್ಲಿ ಹೋಗುವಾಗಲೂ ಅದನ್ನೇ ಗುನುಗಿ. ಆಮೇಲೆ ಒಬ್ಬ ಬಾಸ್ ಹುಡುಗನನ್ನು ಕರೆದು ಇಬ್ಬರೇ ಹಾಡಿ. ಬಾಸ್ ದೂರ ಇರುವುದರಿಂದ ಎಳೆಯುವುದಿಲ್ಲ, ನಿಮ್ಮ ಸ್ವರ ಯಾವುದರ ಮೇಲೆ ಕೂತಿದೆ ಅಂತ ಗೊತ್ತಾಗುತ್ತದೆ. ಅದು ಗಟ್ಟಿಯಾದ ಮೇಲೆ ಸೋಪ್ರಾನೋ ಗೆಳತಿಯನ್ನು ಸಣ್ಣದಾಗಿ ಹಾಡಲಿಕ್ಕೆ ಹೇಳಿ, ಸ್ವಲ್ಪ ಸ್ವಲ್ಪವೇ ಜೋರು ಮಾಡಲಿ.

ಶುರು ಮಾಡಲಿಕ್ಕೆ ಆಮೆನ್ ತೆಗೆದುಕೊಳ್ಳಿ, ಎರಡೇ ಕೂಟ, ಮ ಧ ಸ ಆಮೇಲೆ ಸ ಗ ಪ. ಸೋಪ್ರಾನೋ ಸ ಮೇಲೆಯೇ ನಿಂತರೆ ಆಲ್ಟೋಗೆ ಹೆಚ್ಚಾಗಿ ಧ ಪ ಅಥವಾ ಮ ಗ ಸಿಗುತ್ತದೆ. ಎರಡನ್ನೂ ಹಾಡಿ ನೋಡಿ, ಸಣ್ಣ ದನಿಯಲ್ಲಿ. ಕನ್ನಡದ ಹಾಡಾದರೆ ಇನ್ನೊಂದು ಗಮನಿಸಿ, ಹ್ರಸ್ವ ದೀರ್ಘ ಎಲ್ಲರದ್ದೂ ಒಂದೇ ಆಗಬೇಕು, ಸ್ವರ ಸೇರಿದರೂ ಒಬ್ಬರ "ಎ" ಇನ್ನೊಬ್ಬರ "ಏ" ಆದರೆ ಹೊಂದುವುದಿಲ್ಲ. ಇದನ್ನು ನಿಮ್ಮ ಆಲ್ಟೋ ಸಾಲಿನವರ ಜೊತೆ ಪ್ರಾಕ್ಟೀಸ್‌ಗೆ ಹತ್ತು ನಿಮಿಷ ಮೊದಲೇ ಸೇರಿ, ಹಾಡದೆ, ಬರೀ ತಾಳಕ್ಕೆ ಸಾಹಿತ್ಯ ಓದಿ ಸರಿ ಮಾಡಿಕೊಳ್ಳಿ. ಗಂಟಲಿಗೂ ಅಷ್ಟು ಕೆಲಸ ಕಡಿಮೆ ಆಗುತ್ತದೆ.